ಘಾತ ಸೊನ್ನೆ

ಏಳನೇ ತರಗತಿ, ಮೂರನೇ ಪಿರಿಯಡ್ಡು.
ಅರಸೀಕೆರೆ ಜಂಕ್ಷನ್ನಿನ ಬೆನ್ನಿಗೇ ಅಂಟಿದ ಶಾಲೆ;
ಹುಬ್ಬಳ್ಳಿ ಕಡೆಯ ಗಾಡಿ ಕೂಗಿ ಮುಗಿಸುವ ತನಕ
ನಾನು ಸೀಮೆಸುಣ್ಣ ಎತ್ತಿ ಹಿಡಿದು ನಿಂತಿರುತ್ತೇನೆ,
ಮಕ್ಕಳು ತುಟಿಯಲ್ಲೇ ಬೋಗಿ ಎಣಿಸುತ್ತಾರೆ.

ಕರಿಹಲಗೆಯ ಮೇಲೊಂದು ಎರಡು.
ಮೆರವಣಿಗೆ ನೋಡಲು ಅಪ್ಪನ ಹೆಗಲೇರಿದ ಕೂಸಿನ ಹಾಗೆ
ಅದರ ಮೇಲೊಂದು ಪುಟ್ಟ ಮೂರು.
ಕೆಳಗಿನದು ಆಧಾರ, ಮೇಲಿನದು ಘಾತ, ಅಂದೆ.
ಆಧಾರ ಅಂದದ್ದೇ ತಡ, ಫರ್ಹಾನ ಎದ್ದ:
‘ನಾಳೆ ತರ್ತೀನಿ ಮಿಸ್, ಅಮ್ಮ ಜೆರಾಕ್ಸ್ ಮಾಡಿಸ್ತಾರಂತೆ.’
ತಪ್ಪು ಅವನದಲ್ಲ. ಬೆಳಿಗ್ಗೆಯಿಂದ ನಾನು ಕೇಳಿದ್ದು ಅದೊಂದನ್ನೇ.
ಹನ್ನೆರಡಂಕಿ ತಾಳೆಯಾಗದ ಒಂಬತ್ತು ಮಕ್ಕಳ ಪಟ್ಟಿ
ಹಾಜರಿ ಪುಸ್ತಕದಿಂದ ಈಗಲೂ ಇಣುಕುತ್ತಿದೆ.

ಆಧಾರ ಒಂದೇ ಆಗಿದ್ದರೆ
ಗುಣಿಸುವಾಗ ಘಾತಗಳನ್ನು ಕೂಡಿಸಿ.
ಜೋರಾಗಿ ಓದಿಸುವಾಗ ಒಮ್ಮೊಮ್ಮೆ ಗಲಿಬಿಲಿ,
ಇದು ಲೆಕ್ಕದ ಮಾತೋ, ಮನೆಯ ಮಾತೋ.
ಒಂದೇ ಆಧಾರ ನಂಬಿ ನಿಂತ ಮನೆಗಳಲ್ಲಿ
ಘಾತಗಳು ಕೂಡುತ್ತಲೇ ಹೋಗುವುದನ್ನು
ಪೋಷಕರ ಸಭೆಯಲ್ಲಿ ಕೂತು ಕೇಳಿದ್ದೇನೆ.
ಹಾಗಂತ ಹೇಳಲಿಲ್ಲ.
ಡಸ್ಟರು ಕೊಡವಿದೆ.

ಎರಡರ ಘಾತ ಮೂರು?
‘ಆರು!’ ಎಂದ ನಂಜೇಶ.
ನಿನ್ನೆಯೂ ಆರು, ಮೊನ್ನೆಯೂ ಆರು;
ಎರಡಕ್ಕೂ ಮೂರಕ್ಕೂ ಅವನ ತಲೆಯಲ್ಲಿ
ಯಾವತ್ತೋ ಮದುವೆ ಆಗಿಹೋಗಿದೆ.
ಎರಡನ್ನು ಮೂರು ಸಲ ಬರೆ, ನಡುನಡುವೆ ಗುಣಿಸು ಅಂದರೆ
ಬರೆಯುತ್ತಾನೆ, ಎಂಟು ಅನ್ನುತ್ತಾನೆ, ಕೂರುತ್ತಾನೆ.
ಕೂತ ಮೇಲೆ ಮತ್ತೆ ಆರು.

ಸಮಾಜದ ಪಾಠ ಇನ್ನೂ ಇಳಿಯದ ಇನ್ನೊಬ್ಬನ ಅನುಮಾನ:
‘ಮುಮ್ಮಡಿ ಬಲ್ಲಾಳ ಅಂದ್ರೆ ಬಲ್ಲಾಳನ ಘಾತ ಮೂರಾ ಮಿಸ್?’
ಹಾರನಹಳ್ಳಿ ಗುಡಿಯ ತನಕ ಕೇಳಿಸುವಷ್ಟು ನಕ್ಕೆವು.

ಆಮೇಲೆ ಆ ನಿಯಮ.
ಯಾವ ಸಂಖ್ಯೆಗೇ ಆಗಲಿ, ಘಾತ ಸೊನ್ನೆಯಾದರೆ ಬೆಲೆ ಒಂದು.
(ಸೊನ್ನೆಯೊಂದನ್ನು ಬಿಟ್ಟು. ಅದರ ಗೊಡವೆ ಈಗ ಬೇಡ.)
‘ಯಾಕೆ?’ ಅಂದಳು ಮೋನಿಷಾ,
‘ಏನೂ ಇಲ್ಲ ಅಂದ್ಮೇಲೆ ಏನೂ ಇರಬಾರ್ದು. ಒಂದು ಎಲ್ಲಿಂದ ಬಂತು?’
ಹದಿನಾಲ್ಕು ವರ್ಷದಿಂದ ನನ್ನ ಉತ್ತರ: ಅದು ನಿಯಮ.
ನಾಚಿಕೆಯಾಗಿ ಭಾಗಿಸಿ ತೋರಿಸಿದೆ.
ಎಂಟನ್ನು ಎಂಟರಿಂದ, ಮೂರರಲ್ಲಿ ಮೂರು ಕಳೆದು,
ಬಂತಲ್ಲ ಮೇಲೆ ಸೊನ್ನೆ, ಬಂತಲ್ಲ ಬೆಲೆ ಒಂದು!
ಬಸ್ಸಿನಲ್ಲಿ ತೂಕಡಿಸುವವರ ಹಾಗೆ
ಇಡೀ ತರಗತಿ ತಲೆಯಾಡಿಸಿತು.
ಮೋನಿಷಾ ಆಡಿಸಲಿಲ್ಲ.

ಮರುದಿನ ಹಾಜರಿಗೆ ಮೊದಲೇ ಮೇಜಿನ ಹತ್ತಿರ ಬಂದಳು.
ಸ್ಟೇಷನ್ ರಸ್ತೆಯ ಲಾಡ್ಜುಗಳ ದುಪ್ಪಟಿಯೆಲ್ಲ
ಇಸ್ತ್ರಿಗೆ ಬರುವುದು ಅವರಪ್ಪನ ಗಾಡಿಗೆ;
ಸಂಜೆ ಮಡಿಸುವ ಕೆಲಸ ಇವಳದು.
‘ಮಿಸ್, ಒಂದು ಮಡಿಕೆಗೆ ಎರಡು ಪದರ.
ಎರಡು ಮಡಿಕೆಗೆ ನಾಲ್ಕು. ಮೂರಕ್ಕೆ ಎಂಟು.
ಅಲ್ಲಿಗೇ ನಿಲ್ಲಿಸ್ತೀವಿ, ಆಮೇಲೆ ಶಾಖ ಒಳಗೆ ಇಳಿಯಲ್ಲ.
ರಾತ್ರಿ ಒಂದು ಮಾತ್ರ ಮಡಿಸದೆ ಹಂಗೇ ಹಗ್ಗದ ಮೇಲೆ ಉಳಿದಿತ್ತು.
ಮಡಿಕೆ ಸೊನ್ನೆ.
ದುಪ್ಪಟಿ ಇತ್ತು ಮಿಸ್.’

ಇಮ್ಮಡಿ, ಮುಮ್ಮಡಿ, ನೂರ್ಮಡಿ.
ಬಾಯ್ತುಂಬ ಆಡಿದ್ದೇನೆ ಇಷ್ಟು ವರ್ಷ,
ಮಾತಿನೊಳಗೇ ಮಡಿಕೆ ಇದ್ದದ್ದು ಕಾಣಲಿಲ್ಲ.

ಹಾಜರಿ ಕೂಗಿದೆ. ಆ ಒಂಬತ್ತರ ಪಟ್ಟಿಯಲ್ಲಿ
ಅವಳ ಹೆಸರೂ ಇದೆ, ಆಧಾರ ತಾಳೆಯಾಗಿಲ್ಲ.
‘ಇದೀನಿ ಮಿಸ್’ ಅಂದಳು.

ಆವತ್ತು ಪುಸ್ತಕ ತೆಗೆಸಲಿಲ್ಲ.
ಎಲ್ಲರೂ ರಫ್ ನೋಟಿನ ಹಾಳೆ ಹರಿದು ಮಡಿಸಿದರು,
ಏಳನೆಯ ಮಡಿಕೆಗೆ ಹಾಳೆ ಕಲ್ಲಾಯಿತು,
ಫರ್ಹಾನ ಅದರ ಮೇಲೆ ಹತ್ತಿ ನಿಂತ.
ನಂಜೇಶ ಮೂರಕ್ಕೇ ನಿಲ್ಲಿಸಿ,
ಹೆಬ್ಬೆರಳಿಗೆ ಎಂಜಲು ಹಚ್ಚಿ ಅಂಚಿನ ಪದರ ಬಿಡಿಸಿ ಎಣಿಸಿದ.
ಮತ್ತೊಮ್ಮೆ ಎಣಿಸಿದ.
ಎಂಟು.
ತಾನು ನೋಡದಾಗ ನಾನೇ ಎರಡು ಪದರ ಸೇರಿಸಿಟ್ಟೆನೇನೋ ಎಂಬಂತೆ
ತಲೆಯೆತ್ತಿ ನನ್ನನ್ನೇ ನೋಡಿದ.