ಎಷ್ಟು ದಿನ

ದೊಡ್ಡಪೇಟೆಯ ಸೊಸೈಟಿ ಮುಂದೆ
ಸೀಮೆಎಣ್ಣೆಗೆ ನಿಂತಿದ್ದೇವೆ,
ನಿಂತಿರುವುದು ಸೀಸೆಗಳು, ನಾವು ಜಗಲಿಯ ನೆರಳಿಗೆ.
ನನ್ನದು ಹದಿನೇಳನೆಯದು,
ಕೊರಳಿಗೆ ಸೆಣಬಿನ ದಾರ, ಗುರುತಿಗೆ.

ಗಾಣದ ಮನೆ ಸಣ್ಣೀರಪ್ಪ, ಅಂತಿದೆ ಕಾರ್ಡಿನಲ್ಲಿ.
ಟ್ರೇಸರ್ ಅಂತ ಇಲ್ಲ.
ಈ ಎಣ್ಣೆ ನೆಲದಿಂದ ಏಳುವ ಜಾಗವನ್ನು
ಇಂಚಿಗೆ ಒಂದು ಮೈಲಿಯಂತೆ
ನಾನು ಬರೆದಿದ್ದೇನೆ ಅಂತಲೂ ಇಲ್ಲ.

ಮೂವತ್ತೆಂಟರಲ್ಲಿ, ಕೈ ನಡುಗದವನು ಅಂತ ಆರಿಸಿ
ಬೆಂಗಳೂರಿನ ದಂಡಿನಿಂದ ಸಿಂಗಾಪುರಕ್ಕೆ ಸಾಗಿಸಿದರು.
ಮೇಜಿನ ಮೇಲೆ ಬೋರ್ನಿಯೊ:
ನದೀಮುಖ, ದಿಬ್ಬ, ನಂಬರು ಹಾಕಿದ ಬಾವಿಗಳು,
ಸಮುದ್ರಕ್ಕೆ ಇಳಿದ ಕೊಳವೆ.
ಕೆಂಪು ಮಸಿ ಫಿರಂಗಿಗೆ, ಕಪ್ಪು ಟ್ಯಾಂಕಿಗೆ,
ನೀಲಿ, ಸಹಾಯಕ್ಕೆ ಬರಲಿರುವ ಹಡಗುಗಳಿಗೆ.
ಆ ಊರಿನ ಜನಕ್ಕೆ ಯಾವ ಮಸಿ ಸಾರ್, ಅಂದೆ ಒಮ್ಮೆ.
ಮೇಜರ್ ಥ್ರೆಲ್‌ಫಾಲ್ ಪೈಪು ಕೆರೆಯುತ್ತಿದ್ದ,
ಕೆರೆಯುತ್ತಲೇ ಇದ್ದ.

ಅವನೂ ಒಮ್ಮೆ ಕೇಳಿದ, ನಿಮ್ಮೂರಲ್ಲಿ ಏನಿದೆ?
ಕೋಟೆ ಸಾರ್, ಏಳು ಸುತ್ತು.
ಮೇಲೆ ಎಣ್ಣೆಕೊಳ ಇದೆ,
ಮುತ್ತಿಗೆಯ ಕಾಲಕ್ಕೆ ತುಂಬಿಡುತ್ತಿದ್ದರಂತೆ.
ಅವನ ಕಣ್ಣು ಮಿನುಗಿತು.
ಕೋಟೆ ಬಿತ್ತೋ?
ಬಿತ್ತು ಸಾರ್.
ಎಣ್ಣೆ?
ಗೊತ್ತಿಲ್ಲ. ರಾಜರದ್ದು, ಕುದುರೆಗಳದ್ದು ಹೇಳುತ್ತಾರೆ,
ಎಣ್ಣೆ ಯಾರ ಪಾಲಾಯಿತೋ ಯಾರೂ ಹೇಳುವುದಿಲ್ಲ.

ಮೂಲೆಯಲ್ಲಿ ಒಂದು ಚೌಕ ಇತ್ತು, ನೀಲಿ ಮಸಿಯಲ್ಲಿ:
ಹಡಗು ತಲುಪಲು ಬೇಕಾದ ದಿನ.
ಎಪ್ಪತ್ತು ಅಂತ ಬರೆದೆ.
ಲಂಡನ್ನಿನಿಂದ ತಂತಿ ಬಂತು. ಬ್ಲೇಡಿನಿಂದ ಕೆರೆದು
ತೊಂಬತ್ತು ಅಂತ ಬರೆದೆ.
ಅದೇ ಬ್ಲೇಡು, ಅದೇ ಚೌಕ,
ನೂರಾ ಎಂಬತ್ತು.
ಟ್ರೇಸಿಂಗ್ ಬಟ್ಟೆ ಎಷ್ಟು ಸಲ ತಡೆದೀತು?
ಹಡಗು ಬರಬೇಕಾದ ಕಡೆ
ಹೆಬ್ಬೆರಳು ತೂರುವಷ್ಟು ಕಿಂಡಿ ಬಿತ್ತು.

ದುರ್ಗದವನಿಗೆ ಕಿಂಡಿ ಅಂದರೇನು
ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.
ನಾನು ಹಿಂದಿನಿಂದ ಒಂದು ತೇಪೆ ಅಂಟಿಸಿ
ಸುಮ್ಮನಾದೆ.

ಆಮೇಲೆ ಕೊನೆಯ ಹಾಳೆ ಕೊಟ್ಟರು.
ತಲೆಬರಹ ರಕ್ಷಣೆಯದೇ.
ಕೆಳಗೆ: ಬಾವಿಗೆ ಇಷ್ಟು ಚೀಲ ಸಿಮೆಂಟು,
ಟ್ಯಾಂಕಿನ ಯಾವ ಮಗ್ಗುಲಿಗೆ ಸಿಡಿಮದ್ದು,
ಬೆಂಕಿ ಹಚ್ಚುವವನು ಯಾವ ಹಾದಿಯಲ್ಲಿ ಓಡಬೇಕು.
ಆ ಹಾದಿಯನ್ನು ಚುಕ್ಕೆ ಚುಕ್ಕೆಯಾಗಿ ನಾನೇ ಇಟ್ಟೆ.
ನೂರಾ ಹನ್ನೊಂದು ಚುಕ್ಕೆ.

ನಮ್ಮ ಗಾಣದಲ್ಲಿ ಕುಸುಬೆಯ ಒಂದು ತೊಟ್ಟು ಚೆಲ್ಲಿದರೆ
ಅವ್ವ ಅಂಗೈಯಲ್ಲಿ ಬಳಿದು
ಹತ್ತಿರ ಯಾರಿದ್ದರೆ ಅವರ ನೆತ್ತಿಗೆ ಒರೆಸುತ್ತಿದ್ದಳು.
ಬಾಕಿ ಕೇಳಲು ಬಂದ ಸೇಟು ಪನ್ನಾಲಾಲನ ತಲೆಗೂ ಒಮ್ಮೆ.
ಅವತ್ತು ಬರೆಯುತ್ತ ಬರೆಯುತ್ತ
ನನ್ನ ಎಡಗೈ ನೆತ್ತಿಗೆ ಹೋಗಿತ್ತು.
ಮೇಜರ್ ತಲೆನೋವೇ ಅಂತ ಕೇಳಿದ.

ಕಾಮಾಲೆ ಹತ್ತಿ, ಯುದ್ಧಕ್ಕೆ ಎರಡು ತಿಂಗಳು ಮುಂಚೆ
ಹಡಗು ಹತ್ತಿಸಿದರು ನನ್ನನ್ನು.
ಹೊಗೆಯನ್ನು ಕಣ್ಣಾರೆ ಕಾಣಲಿಲ್ಲ.
ಕ್ಷೌರದ ಹುಸೇನಪ್ಪನ ಅಂಗಡಿಯಲ್ಲಿ, ಅರ್ಧ ಗಡ್ಡದಲ್ಲಿ,
ಪೇಪರಿನ ನಾಲ್ಕು ಸಾಲು:
ಶತ್ರು ಇಳಿಯುವ ಮೊದಲೇ ಎಲ್ಲ ಉರಿಸಿದ್ದರು,
ಯೋಜನೆಯ ಪ್ರಕಾರ.
ಅಂದರೆ ನನ್ನ ಚುಕ್ಕೆಗಳ ಪ್ರಕಾರ.
ಮೇಜರ್ ಅದರ ಮೇಲೆ ಓಡಿದನೋ, ಬೇರೆ ಯಾರನ್ನು ಓಡಿಸಿದನೋ.

ಹೋದ ಭಾನುವಾರ ಬೆಟ್ಟ ಹತ್ತಿದ್ದೆ.
ಕೊಳದಲ್ಲಿ ಮಳೆನೀರು, ಒಂದು ಕಪ್ಪೆ,
ಯಾರೋ ಎಸೆದ ಬೆಂಕಿಪೊಟ್ಟಣ ತೇಲುತ್ತಿತ್ತು.
ಬಂಡೆಗೆ ಬೆರಳುಜ್ಜಿ ಮೂಸಿದೆ.
ಬರೀ ಬಂಡೆ.

ಸೊಸೈಟಿಯ ಗುಮಾಸ್ತ ಬಾಗಿಲು ಅರ್ಧ ತೆರೆದ.
ಸ್ಟಾಕ್ ಇಲ್ಲ, ವ್ಯಾಗನ್ನು ದಾವಣಗೆರೆ ಬಿಟ್ಟಿಲ್ಲ.
ಎಷ್ಟು ದಿನ ಆಗುತ್ತೆ, ಅಂದರು ಮುಂದಿನವರು.
ಎರಡು, ಅಂದ.
ಒಳಗೆ ಯಾರನ್ನೋ ಕೇಳಿ ಬಂದು
ನಾಲ್ಕಾಗಬಹುದು, ಅಂದ.

ನನ್ನ ಕೈ ಜೇಬಿಗಿಳಿದು
ಬ್ಲೇಡು ಹುಡುಕುತ್ತಿತ್ತು.