ಒಳಗಿನ ಚಿಲಕ

ಮೊದಲು ಹೊಸಿಲು ಕಿತ್ತುಹಾಕಿ ಅಂದೆ.
ಪಿಳ್ಳಪ್ಪ ಮೇಸ್ತ್ರಿ ಕಿವಿಯ ಪೆನ್ಸಿಲು ತೆಗೆದು
ಮತ್ತೆ ಕಿವಿಗೇ ಸಿಕ್ಕಿಸಿದರು.
‘ಹೊಸ್ಲಿಲ್ದಿದ್ರೆ ನೀರು ಹಾಲ್‌ಗೇ ಬತ್ತದಲ್ಲ ಮೇಡಂ?’
ನೀರಿಗೆ ಇಳಿಜಾರು ತೋರಿಸಿ ಮೇಸ್ತ್ರಿ,
ಅದು ಹೇಳಿದ ಮಾತು ಕೇಳುತ್ತೆ.
ನನ್ನ ಗಾಲಿಗೆ ಹತ್ತು, ಹತ್ತು ಅಂತ ಹೇಳುತ್ತ
ನಲವತ್ತು ವರ್ಷವಾಯಿತು,
ಕೇಳಿಲ್ಲ.

ಮತ್ತಿಕೆರೆ. ಇಪ್ಪತ್ತು ಮೂವತ್ತರ ಸೈಟು.
ಏಳು ಲೀಸಿನ ಮನೆ ದಾಟಿ ಸಿಕ್ಕ ನನ್ನದೇ ಗ್ರೌಂಡ್ ಫ್ಲೋರು.
ಏಳರಲ್ಲೂ ಬಚ್ಚಲೆಂದರೆ
ಒಂದು ಹೊಸಿಲು, ಒಂದಿಷ್ಟು ಪಾಚಿ, ಒಬ್ಬಳು ತಂಗಿ.
ಕುರ್ಚಿ ಆಚೆ ಬಿಟ್ಟು, ಅಂಗೈ ಊರಿ,
ಯಾರೋ ಮಿಂದು ಹೋದ ಒದ್ದೆಯಲ್ಲಿ ತೆವಳಬೇಕು.
ಸೋಪು ಯಾವತ್ತೂ ನಿಂತವರ ಎತ್ತರದಲ್ಲಿ.
ಕನ್ನಡಿಯಲ್ಲಿ ಯಾವತ್ತೂ ಎದುರು ಗೋಡೆಯ ಹಲ್ಲಿ.

ಜಾಲಹಳ್ಳಿಯ ಗಡಿಯಾರದ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ
ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು
ಕೂದಲಿಗಿಂತ ತೆಳುವಾದ ಸ್ಪ್ರಿಂಗು ಕೂರಿಸಿದವಳು ನಾನು.
ಕಾಲಿಂಚು ಅಂದರೆ ಎಷ್ಟು ದೂರವೆಂದು ಗೊತ್ತು.
ಹಾಗಾಗಿ ನಕ್ಷೆ ನಾನೇ ಬರೆದೆ,
ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ.
ಬಾಗಿಲು ಮೂರಡಿ, ಹೊರಕ್ಕೆ ತೆರೆಯತಕ್ಕದ್ದು.
ಒಳಗೆ ಬಿದ್ದ ದಿನ
ನನ್ನ ಮೈಯೇ ಬಾಗಿಲಿಗೆ ಅಡ್ಡವಾಗಬಾರದು.
ಕಮೋಡು ಕುರ್ಚಿಯ ಸೀಟಿನ ಮಟ್ಟಕ್ಕೆ.
ನಡುವೆ ಐದಡಿ, ಖಾಲಿ.
‘ಇಷ್ಟು ಜಾಗ ವೇಸ್ಟಲ್ವಾ, ವಾಷಿಂಗ್ ಮಷೀನ್ ಕೂತ್ಕತದೆ.’
ಅಲ್ಲಿ ನಾನು ತಿರುಗುತ್ತೇನೆ, ಮೇಸ್ತ್ರಿ.

ಟೈಲ್ಸ್ ಅಂಗಡಿಯ ಹುಡುಗ ಹೊಳೆಯುವುದನ್ನೇ ತೋರಿಸಿದ.
‘ಆಂಟಿ, ಇದ್ರಲ್ಲಿ ಮುಖ ಕಾಣತ್ತೆ ನೋಡಿ!’
ನೆಲದಲ್ಲಿ ಮುಖ ಬೇಕಾದಷ್ಟು ಸಲ ನೋಡಿದ್ದೇನಪ್ಪ,
ಒರಟಾದ್ದು ಕೊಡು.

ಪ್ಲಂಬರ್ ಇಮ್ತಿಯಾಜ್ ಎಸ್‌ಜೆಪಿ ರಸ್ತೆಯಿಂದ ಸರಳು ತಂದು
ತನ್ನ ಎದೆಮಟ್ಟಕ್ಕೆ ಗೋಡೆಗೊತ್ತಿ ಹಿಡಿದು
‘ಸರೀನಾ?’ ಅಂದ.
ಯಾರಿಗೆ, ಅಂದೆ.

ಆಮೇಲೆ ಮೇಸ್ತ್ರಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ.
ನಾನು ದಿವಾನದ ಮೇಲೆ.
ಗುಡಿಯ ಮೆಟ್ಟಿಲಲ್ಲಿ ಬಿಟ್ಟಂತೆ ಚಪ್ಪಲಿ ಬಿಟ್ಟು ಕೂತರು.
ಹೊರಟರು. ಚೌಕಟ್ಟಿಗೆ ಬೆರಳ ಗೆಣ್ಣು ತರಚಿ ‘ಅಯ್ಯೋ’ ಅಂದರು.
ನಲ್ಲಿಗೆ ಕೈ ಚಾಚಿದರು, ಎಟುಕಲಿಲ್ಲ.
ಇನ್ನಷ್ಟು ಚಾಚಿದರು.
ಅಲ್ಲಿಂದ ಮಾತಿಲ್ಲ.
ಇಪ್ಪತ್ತು ನಿಮಿಷ ಒಳಗೊಳಗೇ ಗಾಲಿಯ ಸದ್ದು.
ಕೊನೆಗೆ ಪೆನ್ಸಿಲು ಗೋಡೆಗೆ ಗೀಚಿದ್ದು ಕೇಳಿಸಿತು:
‘ಇನ್ನೊಂದೆರಡಿಂಚು ಕೆಳಿಕ್ಕಿರ್ಬೇಕು ಕಣೋ ಇಮ್ತಿಯಾಜು.’

ಸರಳಿಗೆ ಇಮ್ತಿಯಾಜ್ ಪೂರಾ ಜೋತುಬಿದ್ದು ನೋಡಿದ.
ಅದು ಟವೆಲು ಹಾಕುವ ಸರಳಲ್ಲ.
ಹೋಗುವಾಗ ಮೇಸ್ತ್ರಿ
ಹಾಲಿನ ಪುಸ್ತಕದ ಆ ಹಾಳೆಯ ಫೋಟೋ ತೆಗೆದುಕೊಂಡರು.
ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗುರುವಾರ. ಕಾವೇರಿ ಬಿಡುವ ದಿನ.
ಗಾಲಿ ಉರುಳಿತು, ಅಷ್ಟೆ;
ಒಳಗಿದ್ದೇನೆಂದು ತಿಳಿದದ್ದು ಒಳಗೆ ಬಂದಮೇಲೆ.
ಚಿಲಕ ಮೊಣಕೈ ಎತ್ತರದಲ್ಲಿತ್ತು.
ಹಾಕಿದೆ.
ತೆಗೆದೆ.
ಹಾಕಿದೆ.

ಐವತ್ತೆಂಟು ವರ್ಷ ನನ್ನ ಸ್ನಾನಕ್ಕೆ ಬಾಗಿಲು ಅರೆತೆರೆದಿತ್ತು,
ಅದರಾಚೆ ಮೊದಲು ಅಮ್ಮ, ಆಮೇಲೆ ವನಜಾಕ್ಷಿ,
ಬೆನ್ನು ಹಾಕಿ ನಿಂತು,
ಒಲೆಯ ಮೇಲಿನ ಸಾರಿನ ಚಿಂತೆಯಲ್ಲಿ.

ಮಿಂದೆ. ನೀರು ಹೇಳಿದ ಮಾತು ಕೇಳಿ
ಮೂಲೆಯ ಜಾಲರಿಗೆ ಇಳಿದು ಹೋಯಿತು.
ಕನ್ನಡಿಯಲ್ಲಿ ಹಲ್ಲಿಯಿಲ್ಲ.
ಎಡ ಕುತ್ತಿಗೆಯ ಬುಡದಲ್ಲಿ ಒಂದು ಮಚ್ಚೆ.
ಯಾವಾಗಿನದೋ!
ಸುಮ್ಮನೆ ಕೂತೆ.

ಬಾಗಿಲು ಬಡಿಯಿತು.
‘ಆಯ್ತೇನಕ್ಕಾ?’
ಇಲ್ಲ ಕಣೇ, ಅಂದೆ, ಇನ್ನೂ ಇದೆ.

ಏನೂ ಇರಲಿಲ್ಲ.