ಕಾಲಂ ಹದಿನಾಲ್ಕು

ಮೀನಿಗೆ ಸೆಕೆಂಡಿಗೆ ಎಷ್ಟು ಲೀಟರು ಬೇಕು
ಎಂದು ಕೇಳುತ್ತದೆ ಕಾಲಂ ಹದಿನಾಲ್ಕು.
ಖಾಲಿ ಬಿಡುವಂತಿಲ್ಲ, ಗೀಟೆಳೆಯುವಂತಿಲ್ಲ,
ಅಂಕಿಯಲ್ಲೇ ಬರೆಯಬೇಕು.

ಕಳಸದವರೆಗೆ ಬಸ್ಸು, ಆಮೇಲೆ ಜೀಪು, ಆಮೇಲೆ ನಡಿಗೆ.
ಭದ್ರೆಗೆ ಸೇರುವ ಮೊದಲಿನ ಕಂಚಿಕಲ್ಲು ಹೊಳೆ.
ಹೆಗಲಲ್ಲಿ ಮಾಪಕ, ಅಳತೆಗೋಲು, ಎರಡು ಬಕೆಟ್ಟು.
ಮಾಪಕದ ಪುಟ್ಟ ಪಂಖ ನೀರಲ್ಲಿ ಒಂದು ಸುತ್ತು ತಿರುಗಿದರೆ
ಕಿವಿಯ ವೈರಿನಲ್ಲಿ ಒಂದು ಟಿಕ್.
ನಲವತ್ತು ಸೆಕೆಂಡು ಎಣಿಸಬೇಕು.
ಹನ್ನೊಂದು ದಿನ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಎಣಿಸಿದೆ.
ಹನ್ನೊಂದು ದಿನವೂ ಹೊಳೆ ಪಾಸಾಯಿತು.

ಗಣಿಯ ಮ್ಯಾನೇಜರು ಲೋಬೋ ಒಳ್ಳೆಯವರೇ.
ಟೀ ಕೊಡಿಸಿದರು, ಬಿಸಿಲಿಗೆಂದು ಟೋಪಿ ಕೊಟ್ಟರು.
"ಅದಿರು ತೊಳೆಯಲಿಕ್ಕೆ ಎತ್ತಿದ ನೀರಲ್ಲಿ
ನೂರಕ್ಕೆ ಎಂಬತ್ತು ವಾಪಸ್ಸು ಬಿಡುತ್ತೇವೆ,
ಲೆಕ್ಕ ನೋಡಿ ಬೇಕಾದರೆ."
ನೋಡಿದೆ. ಸರಿಯಿತ್ತು.
ಹಾಲು ಕಡ ತಂದು
ಪಾತ್ರೆ ತೊಳೆದ ನೀರು ತಿರುಗಿ ಕೊಟ್ಟರೂ
ಲೀಟರಿನಲ್ಲಿ ಏನೂ ನಷ್ಟವಿಲ್ಲ.

ಏಡಿ ಹಿಡಿಯುವ ಸೇಸಮ್ಮ ಬಂಡೆ ಮೇಲೆ ಕೂತು
ಮೊದಲ ದಿನದಿಂದ ನನ್ನನ್ನು ನೋಡುತ್ತಿದ್ದಳು,
ತಕ್ಕಡಿ ಹಿಡಿದವನನ್ನು ನೋಡುವ ಹಾಗೆ.
ನನ್ನ ಪಟ್ಟಿಯಲ್ಲಿ ಅದು ಮಹಶೀರ್, ಅಳಿವಿನಂಚಿನದು.
ಅವಳಿಗೆ ಬಿಳಿಮೀನು.
"ಮೊಟ್ಟೆಯಿಡೋಕೆ ಅದಕ್ಕೆ ನನ್ನ ಮೊಣಕಾಲಷ್ಟು ನೀರು ಬೇಕು ಮಾರಾಯ.
ಕೆಳಗೆ ಗೋಲಿಯಷ್ಟು ದಪ್ಪದ ಕಲ್ಲು ಬೇಕು,
ಕಲ್ಲಿಗೂ ಕಲ್ಲಿಗೂ ನಡುವೆ ಸಂದು ಬೇಕು.
ಈಗ ಕೈ ಹಾಕಿ ನೋಡು."
ಹಾಕಿದೆ.
ಸಂದಿನಲ್ಲೆಲ್ಲ
ಮೂರು ಸಲ ಜರಡಿ ಹಿಡಿದ ಹಿಟ್ಟಿನಂಥ ಕೆಂಪು.
ಬೆರಳ ಗೆರೆಗಳಿಂದ ಅದು ಸೋಪಿಗೂ ಹೋಗಲಿಲ್ಲ.

ಮೊಣಕಾಲು ಅಂದರೆ ಎಷ್ಟು? ಟೇಪು ತೆಗೆದೆ.
ನಗುತ್ತ ಸೀರೆ ಎತ್ತಿ ಕಟ್ಟಿ ನಿಂತಳು.
ನಲವತ್ಮೂರು ಸೆಂಟಿಮೀಟರು.
"ನೀನು ಹತ್ತು ಗಂಟೆಗೆ ಬರ್ತೀಯ," ಅಂದಳು,
"ಬರ್ತೀಯ ಅಂತ ಅವರಿಗೂ ಗೊತ್ತು."

ಆ ರಾತ್ರಿ ಬಂಡೆ ಮೇಲೇ ಉಳಿದೆವು,
ಅವಳು, ನಾನು, ಒಂದು ಬ್ಯಾಟರಿ.
ಒಂದೂ ಇಪ್ಪತ್ತಕ್ಕೆ ಗುಡ್ಡದ ಹಿಂದೆ ಪಂಪು ಕೆಮ್ಮಿತು.
ಎರಡಕ್ಕೆ ಅಳತೆಗೋಲಿನ ಕಪ್ಪು ಗೀಟು ಹೊರಗೆ.
ಎರಡೂವರೆಗೆ ಕೆಂಪು ಗೀಟು.
ಮೂರಕ್ಕೆ ಕಿವಿಯಲ್ಲಿ
ಟಿಕ್

ತುಂಬ ಹೊತ್ತಾದ ಮೇಲೆ
ಟಿಕ್

ಆಮೇಲೆ ವೈರು ಬರೀ ವೈರು.

ಸೇಸಮ್ಮ ಬೆಳಕು ಬಿಟ್ಟಳು.
ಹೊಳೆಯಿದ್ದಲ್ಲಿ ಮೊರದಗಲದ ಒಂದು ಗುಂಡಿ,
ಅದರಲ್ಲಿ ಮೊಳದುದ್ದದ ಒಂದು, ಬೆನ್ನು ಹೊರಗೆ,
ಹಳೇ ನಾಲ್ಕಾಣೆಯಷ್ಟಗಲದ ಹುರುಪೆಗಳು
ಅಂಚಿನಿಂದ ಒಣಗತೊಡಗಿದ್ದವು.
ಅಭ್ಯಾಸ ಬಲ. ಕಿವಿರು ತೆರೆದದ್ದನ್ನು ಎಣಿಸಿದೆ,
ನಲವತ್ತು ಸೆಕೆಂಡಿಗೆ ಅರವತ್ತೆಂಟು.
ಅದಕ್ಕೆ ನನ್ನ ಫಾರಮಿನಲ್ಲಿ ಕಾಲಮಿಲ್ಲ.

ನಿಯಮ ಒಂಬತ್ತು: ಸಮೀಕ್ಷೆಯ ಅವಧಿಯಲ್ಲಿ ಯಾವ ಜೀವಿಯನ್ನೂ
ಸ್ಥಳಾಂತರಿಸತಕ್ಕದ್ದಲ್ಲ.
ಸೇಸಮ್ಮನಿಗೆ ಓದಲು ಬರುವುದಿಲ್ಲ.
ಮಾದರಿ ಸಂಖ್ಯೆ ಏಳೆಂದು ಚೀಟಿ ಅಂಟಿಸಿದ್ದ ಬಕೆಟ್ಟು ಎಳೆದುಕೊಂಡು
ಮೀನನ್ನು ಮಗುವಿನಂತಲ್ಲ, ಒದ್ದೆ ಕಟ್ಟಿಗೆಯಂತೆ
ಗಟ್ಟಿಯಾಗಿ ಹಿಡಿದು ಅದರೊಳಗಿಟ್ಟಳು.
ಕೆಳಗಿನ ಮಡುವಿಗೆ ನೂರಿಪ್ಪತ್ತು ಹೆಜ್ಜೆ.
ನಾನು ಬ್ಯಾಟರಿ ಹಿಡಿದೆ. ಅಷ್ಟೇ ನಾನು ಮಾಡಿದ್ದು.

ಬೆಳಿಗ್ಗೆ ಹತ್ತಕ್ಕೆ ಹೊಳೆ ಮತ್ತೆ ಪಾಸು.

ಚಿಕ್ಕಮಗಳೂರಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು
ಕಾಲಂ ಹದಿನಾಲ್ಕರಲ್ಲಿ ಬರೆದೆ:
ನಲವತ್ಮೂರು ಸೆಂ.ಮೀ. ಆಳ, ರಾತ್ರಿಯೂ.
ಹದಿನಾರು ದಿನಕ್ಕೆ ಫಾರಮು ತಿರುಗಿ ಬಂತು,
ಕೆಂಪು ಶಾಯಿಯ ಸುತ್ತು ಹಾಕಿಸಿಕೊಂಡು.
ಮಾನ ತಪ್ಪು. ಪದ ಬಳಸಕೂಡದು. ಮೂಲ ತಿಳಿಸಿ.

ಮಾನ ತಪ್ಪಿದ್ದು ನಿಜ.
ಪದವನ್ನು ತೆಗೆಯುವುದೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ.
ಮೂಲದ ಮುಂದೆ ಮಾತ್ರ ಈಗಷ್ಟೇ ತುಂಬಿದೆ,
ದುಂಡಗಿನ ಅಕ್ಷರದಲ್ಲಿ:
ಸೇಸಮ್ಮ, ಏಡಿ ಹಿಡಿಯುವವರು, ಬಲಗಾಲು.